ಮದುವೆ ಆದ್ರೆ ಹುಚ್ಚು ಬಿಡುತ್ತಾ?

‘ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ.’ ಈ ಗಾದೆ ಕೇಳಿ ನೀವೂ ನಕ್ಕಿರುತ್ತೀರಿ. ಆದರೆ ಇದನ್ನೇ ಡಾಕ್ಟರ ಚೀಟಿಯೆಂದು ನಂಬಿರುವ ಮನೆಗಳು ನಮ್ಮ ಸುತ್ತ ಎಷ್ಟಿಲ್ಲ ಹೇಳಿ?

ಡಿಗ್ರಿ ಓದುವ ಮಗಳಿಗೆ ನಿದ್ದೆ ಹೋಯಿತು. ಯಾರೋ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎನ್ನತೊಡಗಿದಳು. ಮೊದಲು ತಾಯತ, ಆಮೇಲೆ ಡಾಕ್ಟರು. ಮಾತ್ರೆ ಹಿಡಿಯಿತು, ಹುಡುಗಿ ಮತ್ತೆ ಮೊದಲಿನಂತಾದಳು. ಕೂಡಲೇ ಗಂಡು ನೋಡಿದರು. ‘ಮಾತ್ರೆ ವಿಷಯ ಅಲ್ಲಿ ಬಾಯಿಬಿಡಬೇಡ ಕಣೇ’ ಎಂದು ಅಮ್ಮ ಕಿವಿಯಲ್ಲಿ ಹೇಳಿ ಕಳಿಸಿದರು. ಅತ್ತೆಮನೆಯಲ್ಲಿ ಕದ್ದು ಮಾತ್ರೆ ನುಂಗೋದು ಎಷ್ಟು ದಿನ ಸಾಧ್ಯ? ನಿಂತೇಹೋಯಿತು. ಕಾಯಿಲೆ ಮರುಕಳಿಸಿತು. ‘ಹುಚ್ಚೀನ ನಮ್ಮ ತಲೆಗೆ ಕಟ್ಟಿದ್ರಿ’ ಎಂದು ತವರಿಗೆ ತಂದುಬಿಟ್ಟರು.

ಈ ‘ಹುಚ್ಚು’ ಅಂದರೆ ಏನು? ನಮ್ಮ ಮಾತಿನಲ್ಲಿ ಸಿನಿಮಾ ಹುಚ್ಚಿದೆ, ಸೀರೆ ಹುಚ್ಚಿದೆ, ಚಟ್ನಿಪುಡಿ ಮಾಡೋಕೆ ಹುಚ್ಚೆಳ್ಳೂ ಇದೆ! ಆದರೆ ಹುಚ್ಚು ಎಂಬ ಹೆಸರಿನ ಕಾಯಿಲೆ ವೈದ್ಯರ ಬಳಿ ಇಲ್ಲ. ಸ್ಕಿಜೋಫ್ರೇನಿಯಾ, ಬೈಪೋಲಾರ್, ಖಿನ್ನತೆ ಎಲ್ಲವೂ ಬೇರೆ ಬೇರೆ, ಔಷಧಿಯೂ ಬೇರೆ ಬೇರೆ. ನಾವು ಮಾತ್ರ ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬುತ್ತೇವೆ. ಕಾನೂನೂ ಕಡಿಮೆಯೇನಲ್ಲ. ಹಿಂದೂ ವಿವಾಹ ಕಾಯ್ದೆ ಮದುವೆಗೆ ಯಾರು ಅನರ್ಹರು ಎನ್ನುವಾಗ ಹುಚ್ಚಿನ ಜೊತೆ ಮೂರ್ಛೆರೋಗವನ್ನೂ ಸೇರಿಸಿತ್ತು. ಅದನ್ನು ತೆಗೆದದ್ದು 1999ರಲ್ಲಿ.

ಈಗ ಗಾಳಿ ಸ್ವಲ್ಪ ಬದಲಾಗಿದೆ. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಆ ವ್ಯಕ್ತಿ ಬುದ್ಧಿ ಸ್ಥಿಮಿತವಿಲ್ಲದವರು ಎಂದಾಗುವುದಿಲ್ಲ, ಹಾಗೆ ಹೇಳಬೇಕಾದದ್ದು ನ್ಯಾಯಾಲಯ ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಹೆಂಡತಿಗೆ ಸ್ಕಿಜೋಫ್ರೇನಿಯಾ ಎಂಬ ಹಣೆಪಟ್ಟಿ ಹಚ್ಚಿದರೆ ಸಾಲದು, ಕಾಯಿಲೆ ಎಷ್ಟು ತೀವ್ರ ಎಂದು ನೋಡಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿ ವಿಚ್ಛೇದನ ನಿರಾಕರಿಸಿತ್ತು. ಆದರೆ ಮುಚ್ಚಿಟ್ಟು ಮಾಡಿದ ಮದುವೆ ಬೇರೆ ಮಾತು. ಮೋಸದಿಂದ ಒಪ್ಪಿಗೆ ಪಡೆದರು ಎಂದು ಮದುವೆಯನ್ನೇ ರದ್ದು ಮಾಡಿಸಲು ಅವರಿಗೊಂದು ದಾರಿ ನೀವೇ ಕೊಟ್ಟಂತೆ. ಹೇಳಿದರೆ ಸಂಬಂಧ ತಪ್ಪಬಹುದು ನಿಜ. ನಿಶ್ಚಿತಾರ್ಥಕ್ಕೆ ಮೊದಲೇ ತಪ್ಪಿದರೆ ನಷ್ಟ ಯಾರಿಗೆ?

‘ಅಮ್ಮನಿಗಿತ್ತು, ಮಗಳಿಗೂ ಬಂದೇ ಬರುತ್ತೆ’ ಎನ್ನುವವರಿಗೂ ಒಂದು ಮಾತು. ತಾಯಿ ಅಥವಾ ತಂದೆಗೆ ಸ್ಕಿಜೋಫ್ರೇನಿಯಾ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು ಹತ್ತು. ಉಳಿದ ತೊಂಬತ್ತನ್ನು ಯಾರೂ ಎಣಿಸುವುದೇ ಇಲ್ಲ!

ಬಸುರಾಗುವ ಯೋಚನೆ ಇದ್ದರೆ ಮೊದಲೇ ವೈದ್ಯರಿಗೆ ಹೇಳಿ. ಸೋಡಿಯಂ ವಾಲ್ಪ್ರೊಯೇಟ್‌ನಂಥ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲದು, ಬದಲಿ ಮಾತ್ರೆಗಳಿವೆ. ನೀವಾಗಿಯೇ ನಿಲ್ಲಿಸಬೇಡಿ. ಹೆರಿಗೆಯಾದ ಮೊದಲ ಎರಡು ವಾರವಂತೂ ಮೈಯೆಲ್ಲ ಕಣ್ಣಾಗಿರಿ. ಅಜ್ಜಿಯರು ‘ಬಾಣಂತಿ ಸನ್ನಿ’ ಎನ್ನುತ್ತಿದ್ದದ್ದು ಸಾಮಾನ್ಯವಾಗಿ ಆಗಲೇ ಕಾಣಿಸಿಕೊಳ್ಳುವುದು. ಸಾವಿರ ಹೆರಿಗೆಗೆ ಒಂದೋ ಎರಡೋ. ಹಿಂದೆ ಯಾವ ಕಾಯಿಲೆಯೂ ಇಲ್ಲದವರಿಗೂ ಬರಬಹುದು. ಬಾಣಂತಿಗೆ ನಿದ್ದೆಯೇ ಬರುತ್ತಿಲ್ಲ, ಇದು ನನ್ನ ಮಗುವೇ ಅಲ್ಲ ಅನ್ನುತ್ತಾಳೆ ಎಂದರೆ ದೃಷ್ಟಿ ತೆಗೆಯುತ್ತ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ತಾಯಿ-ಮಗುವನ್ನು ಜೊತೆಯಲ್ಲೇ ಇಟ್ಟು ಚಿಕಿತ್ಸೆ ಕೊಡುವ ವಾರ್ಡ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಯಾರನ್ನು ಕೇಳೋದು ಎಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅತ್ತೆಯಂದಿರೇ, ನಿಮ್ಮ ಬಿಪಿ ಮಾತ್ರೆ ಅಡುಗೆಮನೆ ಷೆಲ್ಫಿನ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತದಲ್ಲ? ಸೊಸೆಯ ಡಬ್ಬಿಯನ್ನೂ ಅದರ ಪಕ್ಕದಲ್ಲೇ ಇಡಲು ಹೇಳಿ. ಬೀರುವಿನಲ್ಲಿ, ಸೀರೆ ಮಡಿಕೆಯ ನಡುವೆ ಬೇಡ.