ಮೌಢ್ಯವೆಂದು ಬಯ್ದರೆ ಸಾಕೆ?

ಲಸಿಕೆಯ ಮಾತು ಬಂದಾಗಲೆಲ್ಲ ನಮ್ಮಂಥ ಸುಶಿಕ್ಷಿತರ ಬಾಯಲ್ಲಿ ಒಂದು ಸಿದ್ಧ ತೀರ್ಪು ಇರುತ್ತದೆ: "ಹಾಕಿಸಿಕೊಳ್ಳದವರು ಮೂಢರು, ತಿಳಿವಳಿಕೆ ಬಂದರೆ ಎಲ್ಲ ಸರಿಹೋಗುತ್ತದೆ." ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಕಾಫಿ ಕುಡಿಯುತ್ತ ನಾನೂ ಎಷ್ಟೋ ಸಲ ಈ ತೀರ್ಪು ಕೊಟ್ಟವನೇ. ಅದು ತಪ್ಪು ತೀರ್ಪೆಂದು ಈಗ ಹೇಳಬೇಕಾಗಿದೆ. ತಪ್ಪಷ್ಟೇ ಅಲ್ಲ, ಅಪಾಯಕರವೂ ಹೌದು. ಅದರಿಂದ ಬಯ್ಯುವವನಿಗೆ ತೃಪ್ತಿ ದೊರೆಯುತ್ತದೆಯೇ ಹೊರತು ಒಂದು ಮಗುವಿಗೂ ಲಸಿಕೆ ದೊರೆಯುವುದಿಲ್ಲ.

ನಮ್ಮ ಮನೆಯ ಸಂಗತಿಯಿಂದಲೇ ಆರಂಭಿಸುತ್ತೇನೆ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ಶುರುವಾಯಿತು. ಅದರ ಹಿಂದೆಯೇ, ಮಕ್ಕಳಿಗೆ ಹಾಕಿಸಬೇಡಿರೆಂಬ ವಾಟ್ಸಾಪ್ ಸಂದೇಶಗಳೂ ಮನೆಮನೆಗೆ ಬಂದವು. ಮಗಳ ಶಾಲೆಯಲ್ಲಿ ಚುಚ್ಚುವ ದಿನ, ಎಂ.ಎ. ಓದಿದ, ಮೂಢನಂಬಿಕೆಯ ವಿರುದ್ಧ ವೇದಿಕೆ ಏರುವ ನಾನು, ಅವಳಿಗೆ ನೆಗಡಿಯೆಂದು ಚೀಟಿ ಬರೆದು ಮನೆಯಲ್ಲಿ ಉಳಿಸಿಕೊಂಡೆ. ಅವಳಿಗೆ ನೆಗಡಿ ಇರಲಿಲ್ಲ. ಆ ಸಂದೇಶವನ್ನು ನಾನು ನಂಬಿದ್ದೆನೆ? ಇಲ್ಲ, ನಂಬದೆಯೂ ಹೆದರಿದೆ. ದಡಾರ ಮಕ್ಕಳನ್ನು ಕೊಲ್ಲಬಲ್ಲ ರೋಗವೆಂಬುದು ನನಗೆ ತಿಳಿಯದ ವಿಷಯವೂ ಆಗಿರಲಿಲ್ಲ. ಹಾಗಾದರೆ ಇಲ್ಲಿ ತಿಳಿವಳಿಕೆಯ ಕೊರತೆ ಎಲ್ಲಿ ಬಂತು?

ಮನಸ್ಸು ಇಡುವ ಲೆಕ್ಕವೇ ಬೇರೆ. ಸೂಜಿ ಚುಚ್ಚಿಸಿ ಮಗುವಿಗೆ ಏನಾದರೂ ಆದರೆ, "ನಾನೇ ಕೈಯಾರೆ ಮಾಡಿದೆ" ಎಂಬ ಸಂಕಟ. ಚುಚ್ಚಿಸದೆ ರೋಗ ಬಂದರೆ, ಅದು ಹಣೆಬರಹ. ಎರಡನೆಯ ಅಪಾಯ ಮೊದಲಿನದಕ್ಕಿಂತ ಬಹು ದೊಡ್ಡದಾಗಿದ್ದರೂ ಮಾಡಿದ ತಪ್ಪು ಸುಡುವಂತೆ ಮಾಡದೆ ಬಿಟ್ಟ ತಪ್ಪು ಸುಡುವುದಿಲ್ಲ. ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿರುವ ಈ ದೌರ್ಬಲ್ಯಕ್ಕೆ ಹಳ್ಳಿ-ಪಟ್ಟಣಗಳ ಭೇದವಿಲ್ಲ, ಪದವಿಯ ಹಂಗೂ ಇಲ್ಲ.

ಇನ್ನೊಂದು ಸಂಗತಿ, ರೋಗವೇ ಕಣ್ಣಿಗೆ ಬೀಳದಿರುವುದು. ನಮ್ಮ ಅಜ್ಜಿಯರ ಕಾಲದಲ್ಲಿ ಸಿಡುಬಿನ ಕಲೆಯ ಮುಖಗಳು ಬೀದಿಬೀದಿಯಲ್ಲೂ ಇದ್ದವು. 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಲಸಿಕೆ ಗೆದ್ದಷ್ಟೂ ರೋಗ ಮರೆಯಾಗುತ್ತದೆ. ರೋಗ ಮರೆಯಾದಷ್ಟೂ ಸೂಜಿಯೊಂದೇ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. 2021ರ ಮಾರ್ಚ್‌ನಲ್ಲಿ ಹಿರಿಯರಿಗೆ ಕೊರೋನಾ ಲಸಿಕೆ ಆರಂಭವಾದಾಗ, "ಮೊದಲು ಬೇರೆಯವರು ಹಾಕಿಸಿಕೊಳ್ಳಲಿ, ನೋಡೋಣ" ಎಂದ ನಮ್ಮ ಬಡಾವಣೆಯ ಮಹನೀಯರೇ ಮೇ ತಿಂಗಳಲ್ಲಿ ನಸುಕಿಗೇ ಎದ್ದು ಸಾಲಿನಲ್ಲಿ ನಿಂತರು. ಎರಡು ತಿಂಗಳಲ್ಲಿ ಅವರೇನು ವೈದ್ಯಗ್ರಂಥಗಳನ್ನು ಓದಿ ಮುಗಿಸಿದರೆ? ಸಾವು ಪಕ್ಕದ ಮನೆಯ ಬಾಗಿಲು ತಟ್ಟಿತ್ತು, ಅಷ್ಟೆ.

ಎಲ್ಲಕ್ಕಿಂತ ದೊಡ್ಡದು, ಕೊಡುವ ಕೈಯ ಮೇಲಿನ ನಂಬಿಕೆ. ಉತ್ತರಪ್ರದೇಶದಲ್ಲಿ ಪೋಲಿಯೋ ಹನಿ ಕುಡಿದರೆ ಮುಂದೆ ಸಂತಾನವಾಗದೆಂಬ ವದಂತಿ ಹಬ್ಬಿ ಎಷ್ಟೋ ಮನೆಗಳ ಬಾಗಿಲು ಮುಚ್ಚಿತು. ನಾವು ನಕ್ಕೆವು. ಆದರೆ ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಅದೇ ಸೀಮೆಯಲ್ಲಿ ಜನರನ್ನು ಹಿಡಿದೊಯ್ದು ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದ್ದುಂಟು. ವದಂತಿ ಸುಳ್ಳು, ಅದು ಬೇರೂರಿದ ನೆನಪು ಸುಳ್ಳಲ್ಲ. ಬಾಗಿಲು ತೆರೆದದ್ದು ಬೈಗುಳಕ್ಕಲ್ಲ. ಅದೇ ಕೇರಿಯ ಹೆಂಗಸರು ಮನೆಮನೆಗೆ ಹೋದರು, ಮಸೀದಿಗಳಿಂದ ಹಿರಿಯರು ಕರೆ ಕೊಟ್ಟರು. 2014ರಲ್ಲಿ ಭಾರತ ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರ ಪಡೆಯಿತು.

"ಹಾಗಾದರೆ ಸುಳ್ಳು ಹರಡುವವರನ್ನು ಸುಮ್ಮನೆ ಬಿಡಬೇಕೆ?" ಎಂದು ಕೇಳುವವರುಂಟು. ಖಂಡಿತ ಬಿಡಬಾರದು. ದಡಾರದ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ವೇಕ್‌ಫೀಲ್ಡ್‌ನ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಅವನ ವೈದ್ಯ ಸನ್ನದೂ ರದ್ದಾಯಿತು. ಆಗಬೇಕಾದದ್ದೇ. ಆದರೆ ಸುಳ್ಳು ಮಾರುವವನು ಬೇರೆ, ಹೆದರಿದ ತಾಯಿ ಬೇರೆ. ಇಬ್ಬರಿಗೂ ಒಂದೇ ಕೋಲೆತ್ತುವುದು ನ್ಯಾಯವಲ್ಲ. ಇನ್ನು "ಏನೂ ಆಗುವುದಿಲ್ಲ" ಎಂದು ಸಾರುವುದೂ ಒಂದು ಸುಳ್ಳೇ. ಜ್ವರ ಬರಬಹುದು, ತೋಳು ನೋಯಬಹುದು. ತೀರ ಅಪರೂಪಕ್ಕೆ ಅದಕ್ಕಿಂತ ಹೆಚ್ಚಿನದೂ ಆಗಬಹುದು. ಇದನ್ನು ಮೊದಲೇ ಹೇಳದೆ ಹೋದರೆ, ಮೊದಲ ಜ್ವರಕ್ಕೇ ನಮ್ಮ ಮಾತು ಬೆಲೆ ಕಳೆದುಕೊಳ್ಳುತ್ತದೆ.

ನಾನು ಚೀಟಿ ಬರೆದ ಮರುವಾರ ಆರೋಗ್ಯ ಸಹಾಯಕಿಯೊಬ್ಬರು ನಮ್ಮ ಮನೆಗೆ ಬಂದರು. ನೆಗಡಿಯ ಕಥೆಯನ್ನು ಅವರು ನಂಬಲಿಲ್ಲ, ನಂಬಲಿಲ್ಲವೆಂದು ತೋರಗೊಡಲೂ ಇಲ್ಲ. "ಏನು ಹೆದರಿಕೆ, ಹೇಳಿ ಸಾರ್" ಎಂದಷ್ಟೇ ಕೇಳಿದರು. ಹೇಳಿದೆ, ಕೊನೆಯವರೆಗೂ ಕೇಳಿಸಿಕೊಂಡರು. "ನನ್ನ ಮಗನಿಗೂ ಇದನ್ನೇ ಹಾಕಿಸಿದ್ದೇನೆ. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ, ನಾನೂ ಇರುತ್ತೇನೆ" ಎಂದರು. ಮಾರನೆಯ ದಿನ ಮಗಳನ್ನು ಕರೆದುಕೊಂಡು ಹೋದೆ.

ಆಕೆ ನನ್ನನ್ನು ಮೂಢನೆನ್ನಲಿಲ್ಲ. ಎನ್ನಲು ಸಾಕಷ್ಟು ಕಾರಣವಿತ್ತು. ಓದಿದವನೊಬ್ಬನಿಗೆ ದೊರೆತ ಆ ತಾಳ್ಮೆಯನ್ನು ಓದದ ತಾಯಿಗೆ ತೋರಿಸಲು ನಮಗೆ ಆಗದಿದ್ದರೆ, ತಿಳಿವಳಿಕೆ ಯಾರಿಗೆ ಬರಬೇಕಾಗಿದೆಯೆಂದು ನಮ್ಮನ್ನು ನಾವೇ ಕೇಳಿಕೊಳ್ಳುವುದು ಒಳ್ಳೆಯದು.