ಆಸ್ಪತ್ರೆಯ ಹಿತ್ತಲೂ ನೋಡಿ ಬನ್ನಿ



ಈ ಸಲ ಹಿರೇಕೆರೂರು ಕಡೆಯ ತಾಯಿಯೊಬ್ಬರ ಪ್ರಶ್ನೆ. ಮಗಳು ಚೊಚ್ಚಲ ಬಸುರಿ. ಕುಪ್ಪಸದ ಶಾಸ್ತ್ರ ಮುಗಿಸಿ ತವರಿಗೆ ಕರೆತಂದಿದ್ದಾರೆ. “ಊರಾಗಿನ ಸರ್ಕಾರಿ ದವಾಖಾನಿಗೆ ಸೇರಿಸೋಣೋ, ದಾವಣಗೆರೆಗೆ ಒಯ್ಯೋಣೋ? ಯಾವ ಡಾಕ್ಟರ ಕೈಗುಣ ಚಲೋ ಐತಿ, ಹೇಳ್ರಿ ಅಕ್ಕಾರ” ಎಂದು ಕೇಳಿದ್ದಾರೆ. ಹಾನಗಲ್ಲ, ಶಿಗ್ಗಾವಿ, ಸವಣೂರು ಕಡೆಯ ತಾಯಂದಿರ ಚಿಂತೆಯೂ ಇದೇ ಅಲ್ಲವೆ? ಊರಲ್ಲಿ ತಾಲ್ಲೂಕು ಆಸ್ಪತ್ರೆ ಇರುತ್ತದೆ. ಆದರೆ ಮನಸ್ಸು ಮಾತ್ರ ಹಾವೇರಿಗೆ, ಹುಬ್ಬಳ್ಳಿಗೆ ಓಡುತ್ತಿರುತ್ತದೆ.

ಡಾಕ್ಟರ ಹೆಸರು ನಾನು ಹೇಳುವುದಿಲ್ಲ. ಅದು ಈ ಅಂಕಣದ ಕೆಲಸವಲ್ಲ. ಆದರೆ ಒಂದು ಮಾತು ಯೋಚಿಸಿ. ಹೆಣ್ಣು ಕೊಡುವ ಮನೆ ನೋಡಲು ಹೋದಾಗ ನಮ್ಮ ಹಿರಿಯ ಹೆಂಗಸರು ಪಡಸಾಲೆ ನೋಡಿ ಮರುಳಾಗುತ್ತಿರಲಿಲ್ಲ. ಕೈ ತೊಳೆಯುವ ನೆಪ ಮಾಡಿ ಬಚ್ಚಲು, ಅಡಿಗೆಮನೆ, ಹಿತ್ತಲು ನೋಡಿ ಬರುತ್ತಿದ್ದರು. ಮಗಳನ್ನು ಹೆರಿಗೆಗೆ ಸೇರಿಸುವಾಗ ಮಾತ್ರ ನಾವು ಬಾಗಿಲ ಮೇಲಿನ ಬೋರ್ಡು ಓದಿ ತೃಪ್ತರಾಗುತ್ತೇವೆ. ಡಾಕ್ಟರು ನಿಮ್ಮ ಮಗಳ ಬಳಿ ಇರುವುದು ಒಂದೆರಡು ತಾಸು. ಉಳಿದ ಹಗಲು ರಾತ್ರಿಯೆಲ್ಲ ಅವಳು ಯಾರೋ ಒಗೆದ ಹಾಸಿಗೆಯ ಮೇಲೆ, ಯಾರೋ ಒರೆಸಿದ ಕೋಣೆಯಲ್ಲಿ, ಯಾರೋ ಎತ್ತಿಟ್ಟ ಸಲೈನ್ ಬಾಟಲಿಯ ಭರವಸೆಯ ಮೇಲೆ ಮಲಗಿರುತ್ತಾಳೆ. ಅವರ ಹೆಸರು ಯಾವ ಬೋರ್ಡಿನಲ್ಲೂ ಇರುವುದಿಲ್ಲ.

ಬಾಣಂತಿ ನಂಜಿನ ಹಳೆಯ ಕತೆಯೊಂದನ್ನು ಕೇಳಿ. 1847ರಲ್ಲಿ ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಒಂದರಲ್ಲಿ ಡಾಕ್ಟರರು ಮತ್ತು ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಸಾವು ಹೆಚ್ಚುತ್ತಿದ್ದುದು ಡಾಕ್ಟರರ ವಾರ್ಡಿನಲ್ಲೇ! ಸೆಮ್ಮೆಲ್‌ವೈಸ್ ಎಂಬ ಹಂಗೇರಿಯ ವೈದ್ಯರು ಕಾರಣ ಹುಡುಕಿದರು. ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಬಂದು ಹೆರಿಗೆ ಮಾಡಿಸುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಅವರು ಕಟ್ಟುನಿಟ್ಟು ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು. ಹೊಸ ಔಷಧವಿಲ್ಲ, ಹೊಸ ಆಪರೇಷನ್ ಇಲ್ಲ, ಒಂದು ಬೋಗುಣಿ ನೀರು ಅಷ್ಟೆ. ನಮ್ಮ ತಾಲ್ಲೂಕು ಆಸ್ಪತ್ರೆಯ ನೆಲ ಒರೆಸುವಾಗ ಮೂಗಿಗೆ ಬಡಿಯುವ ಬ್ಲೀಚಿಂಗ್ ಪೌಡರಿನ ವಾಸನೆಯೂ ಅದೇ ಕ್ಲೋರಿನ್ನಿನದು. ಆ ನೀರನ್ನು ದಿನವೂ ಹೊಸದಾಗಿ ಕಲಸಬೇಕು. ನಿನ್ನೆಯದು ಇಟ್ಟರೆ ಕಸುವು ಹೋಗಿರುತ್ತದೆ. ಅಂದಹಾಗೆ, “ವಾರ್ಡಿನಾಗ ಕಸಬರಿಗಿ ಆಡಿಸಂಗಿಲ್ಲ, ಬರೇ ಒರಸ್ತಾರ” ಎಂದು ದೂರುವವರಿದ್ದಾರೆ. ಒಣ ಕಸಬರಿಗೆ ಆಡಿಸಿದರೆ ಧೂಳಿನ ಜೊತೆ ರೋಗಾಣುವೂ ಮೇಲೇಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಅಲ್ಲಿನ ಸರಿಯಾದ ಕ್ರಮ.

ಇನ್ನು ಕತ್ತರಿ, ಚಿಮಟಿಗೆ, ಆಪರೇಷನ್ ಬಟ್ಟೆಗಳ ವಿಚಾರ. ಇವನ್ನು ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವ್ ಎಂಬ ಯಂತ್ರ ನಿಮ್ಮ ಅಡಿಗೆಮನೆಯ ಕುಕ್ಕರಿನ ಅಣ್ಣ! ತೆರೆದ ಪಾತ್ರೆಯ ನೀರು ಎಷ್ಟು ಕುದಿಸಿದರೂ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಧನುರ್ವಾಯುವಿನ ಬೀಜಾಣು ಆ ಶಾಖಕ್ಕೆ ಸುಲಭವಾಗಿ ಜಗ್ಗುವುದಿಲ್ಲ. 15 ಪೌಂಡ್ ಒತ್ತಡದ ಹಬೆ 121 ಡಿಗ್ರಿ ಮುಟ್ಟುತ್ತದೆ. ಆಗ ಮಾತ್ರ ಅದು ಸಾಯುತ್ತದೆ. ಕುಕ್ಕರಿನ ಮೂತಿಯಿಂದ ಹಬೆ ಚೆನ್ನಾಗಿ ಬಂದ ಮೇಲೆ ನಾವು ವೇಟ್ ಹಾಕುತ್ತೇವಲ್ಲವೆ? ಒಳಗಿನ ಗಾಳಿ ಹೊರಹೋಗಲಿ ಎಂದು. ಅಲ್ಲಿಯೂ ಹಾಗೆಯೇ. ಗಾಳಿ ಒಳಗುಳಿದರೆ ಮುಳ್ಳು ಒತ್ತಡ ತೋರಿಸಿದರೂ ಶಾಖ ಏರಿರುವುದಿಲ್ಲ. ಬಟ್ಟೆಯ ಗಂಟುಗಳನ್ನು ಒತ್ತೊತ್ತಾಗಿ ತುರುಕಿದರೆ ನಡುವಿನದಕ್ಕೆ ಹಬೆ ತಾಕುವುದಿಲ್ಲ, ಇಡ್ಲಿ ತಟ್ಟೆ ಒಂದರ ಮೇಲೊಂದು ಕೂತು ನಡುವಿನ ಇಡ್ಲಿ ಹಸಿ ಉಳಿದ ಹಾಗೆ. ಗಂಟಿಗೆ ಹಚ್ಚುವ ಪಟ್ಟಿಯ ಮೇಲೆ ಶಾಖ ತಾಕಿದರೆ ಕಪ್ಪು ಗೆರೆ ಮೂಡುತ್ತದೆ. ಆದರೆ ಅದು ಹೊರಗಿನ ಗುರುತು, ಒಳಗೆ ಬೆಂದಿದೆಯೇ ಎಂಬುದಕ್ಕೆ ಅದೊಂದೇ ಸಾಕ್ಷಿ ಸಾಲದು. ಒದ್ದೆಯಾಗಿ ಹೊರಬಂದ ಗಂಟು ಶುದ್ಧವಲ್ಲ ಎಂದೇ ಲೆಕ್ಕ. ಅದನ್ನು ಮತ್ತೆ ಮಾಡಬೇಕು. ರಾತ್ರಿ ಎರಡು ಗಂಟೆಗೆ, ತುರ್ತು ಸಿಸೇರಿಯನ್ ಕಾದಿರುವಾಗ, “ಇದು ಬೇಡ, ಬೇರೆ ಗಂಟು ತಗೀರಿ” ಎನ್ನುವ ಆ ಸಿಬ್ಬಂದಿಯ ಹಟವೇ ನಿಮ್ಮ ಮಗಳ ಹೊಲಿಗೆ ಕೀವಾಗದಂತೆ ಕಾಯುವುದು.

ಬಟ್ಟೆ ಒಗೆಯುವುದನ್ನು ನಿಮಗೆ ನಾನು ಕಲಿಸಬೇಕಿಲ್ಲ. ಒಂದೇ ಒಂದು ಮಾತು. ರಕ್ತ ಹತ್ತಿದ ಹಾಸಿಗೆ ಬಟ್ಟೆಯನ್ನು ಹಾಸಿಗೆಯ ಪಕ್ಕದಲ್ಲೇ ಕೊಡವಬೇಡಿ. ಪಕ್ಕದ ಮಂಚದ ಕೂಸಿಗೆ ಅದು ಒಳ್ಳೆಯದಲ್ಲ. ಹಾಗೇ ಮಡಿಚಿ ಆಯಾ ಕೈಗೆ ಕೊಡಿ.

ಕಸದ ಬುಟ್ಟಿಗಳ ವಿಚಾರ ಸ್ವಲ್ಪ ನಿಧಾನವಾಗಿ ಓದಿ. ಏಕೆಂದರೆ ಇಲ್ಲಿ ಜೊತೆಗಿರುವ ನಮ್ಮ ಪಾಲೂ ಇದೆ. 2016ರ ನಿಯಮದಂತೆ ಆಸ್ಪತ್ರೆಯಲ್ಲಿ ನಾಲ್ಕು ಬಣ್ಣ. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು, ಮಾಸು ಹಳದಿಗೆ. ಸಲೈನ್ ನಳಿಗೆ, ಸೂಜಿ ತೆಗೆದ ಸಿರಿಂಜು ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಗಾಜು ನೀಲಿಗೆ. ನಾವೇನು ಮಾಡುತ್ತೇವೆ? ಬಾಳೆಹಣ್ಣಿನ ಸಿಪ್ಪೆ, ಚಹಾ ಕಪ್ಪು, ಕೂಸಿನ ಬಟ್ಟೆ ಎಲ್ಲವನ್ನೂ ಹತ್ತಿರ ಕಂಡ ಬುಟ್ಟಿಗೆ ಎಸೆಯುತ್ತೇವೆ. ಆಮೇಲೆ ಅದನ್ನು ಕೈಹಾಕಿ ಬೇರೆ ಮಾಡುವವಳು ಒಬ್ಬ ಹೆಣ್ಣುಮಗಳೇ. ಅವಳ ಕೈಗೆ ಯಾರದೋ ಸೂಜಿ ಚುಚ್ಚುತ್ತದೆ. ಆ ಸೂಜಿ ಹೆಪಟೈಟಿಸ್ ಬಿ ಕಾಮಾಲೆ ಇದ್ದವರದಾಗಿದ್ದು, ಈಕೆ ಲಸಿಕೆ ಹಾಕಿಸಿಕೊಂಡಿರದಿದ್ದರೆ, ಅಂಥ ನೂರು ಜನರಲ್ಲಿ 6ರಿಂದ 30 ಜನಕ್ಕೆ ರೋಗ ತಗಲುವುದುಂಟು. ಆಸ್ಪತ್ರೆಯ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಈ ಲಸಿಕೆ ಹಾಕಿಸಬೇಕೆಂದು ಅದೇ ನಿಯಮ ಹೇಳುತ್ತದೆ, ಗುತ್ತಿಗೆಯವರೂ ಸೇರಿ.

ಗುತ್ತಿಗೆಯವರ ಮಾತು ಬಂತು. ಗಂಡು ಹುಟ್ಟಿದರೆ ಇಷ್ಟು, ಹೆಣ್ಣು ಹುಟ್ಟಿದರೆ ಇಷ್ಟು ಎಂದು ಆಯಾಗಳು ಕೈ ಚಾಚುತ್ತಾರೆಂದು ಅನೇಕರ ಗೋಳು. ಅದು ತಪ್ಪು. ಕೊಡಬೇಡಿ, ಮೇಲಿನವರಿಗೆ ಹೇಳಿ. ಆದರೆ ಆ ಸಿಟ್ಟಿನಲ್ಲಿ ಎಲ್ಲರನ್ನೂ “ಏ ಇವಳೇ” ಎಂದು ಕರೆಯುವುದೂ ತಪ್ಪು. ಹೆಸರು ಕೇಳಿ, “ಅಕ್ಕಾ, ಇಲ್ಲಿ ನೆಲ ಒದ್ದಿ ಐತಿ ನೋಡ್ರಿ” ಎಂದರೆ ಕೆಲಸ ಬೇಗ ಆಗುತ್ತದೆ. ಒದ್ದೆ ನೆಲದ ಮೇಲೆ ಬಾಣಂತಿ ಜಾರುವುದು ಸಣ್ಣ ವಿಷಯವಲ್ಲ.

ಕಾಣದ ಕೈಗಳು ತಪ್ಪಿದರೆ ಏನಾಗುತ್ತದೆಂದು ನಮ್ಮ ರಾಜ್ಯ ಕಂಡಿದೆ. ಕೊರೋನಾ ಕಾಲದಲ್ಲಿ, 2021ರ ಮೇ 2 ಮತ್ತು 3ರ ನಡುವೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಜನ ತೀರಿಕೊಂಡರು. ಡಾಕ್ಟರರಿದ್ದರು, ಸಿಸ್ಟರುಗಳಿದ್ದರು, ಸಾಕಷ್ಟು ಆಕ್ಸಿಜನ್ ಇರಲಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ನರಳಿದರು. ಐವರು ಉಳಿಯಲಿಲ್ಲ. ಅನುಮಾನ ಹೋದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಎಂಬ ಸಲೈನ್ ಮೇಲೆ. ಸರ್ಕಾರ ಆ ಕಂಪನಿಯ ಬಾಟಲಿಗಳನ್ನು ತಡೆಹಿಡಿಯಿತು. ಆ ಐದು ಮನೆಗಳ ಕೂಸುಗಳನ್ನು ನೆನೆದರೆ ಇಂದಿಗೂ ಹೊಟ್ಟೆ ಕಲಕುತ್ತದೆ.

ಬಾಟಲಿ ಕದಡಿದ್ದರೆ, ಸೋರುತ್ತಿದ್ದರೆ, ಅವಧಿ ಮುಗಿದಿದ್ದರೆ ನಾವೂ ನೋಡಿ ಹೇಳಬಹುದು. ಕಣ್ಣಿಗೆ ಕಾಣದ ದೋಷವನ್ನು ನೋಡಿ ಹಿಡಿಯಲಾಗದು. ಅದಕ್ಕೇ ಔಷಧ ಉಗ್ರಾಣದವರು ಯಾವ ಬ್ಯಾಚಿನ ಬಾಟಲಿ ಎಂದು ಬಂತು, ಯಾವ ವಾರ್ಡಿಗೆ ಹೋಯಿತು ಎಂದು ಪುಸ್ತಕ ಬರೆದಿಡುವುದು. ಒಂದು ಕಡೆ ತೊಂದರೆ ಕಂಡರೆ ಅದೇ ದಿನ ಉಳಿದ ಬಾಟಲಿಗಳನ್ನು ಹಿಂದಕ್ಕೆ ತರಿಸಲು ಆ ಪುಸ್ತಕವೇ ದಾರಿ. ಸಲೈನ್ ಅಥವಾ ರಕ್ತ ಏರುತ್ತಿರುವಾಗ ಮಗಳಿಗೆ ಚಳಿ ನಡುಕ ಬಂತೋ, ಮತ್ತೊಂದು ಕಂಬಳಿ ಹೊದಿಸಿ ಸುಮ್ಮನೆ ಕೂಡಬೇಡಿ. ಆ ಕ್ಷಣವೇ ಸಿಸ್ಟರನ್ನು ಕರೆಯಿರಿ.

ರಕ್ತದ ವಿಚಾರದಲ್ಲಿ ಇನ್ನೊಂದು. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಇಬ್ಬರು ಶಾಂತವ್ವ, ಇಬ್ಬರು ಫಾತಿಮಾ ಇರುವುದೇನು ಹೊಸದೇ? ಲ್ಯಾಬಿನವರು ರಕ್ತ ತೆಗೆಯಲು ಬಂದಾಗ ಗಂಡನ ಹೆಸರು, ಊರು ಎಲ್ಲವನ್ನೂ ಹೇಳಿ. ಶೀಷೆಯ ಚೀಟಿಯನ್ನು ಅಲ್ಲೇ ಬರೆಯುತ್ತಾರೋ ನೋಡಿ. ಎಷ್ಟು ಸಲ ಕೇಳಿದರೂ ಬೇಸರಿಸಬೇಡಿ. ಒಬ್ಬರಿಗೆ ಒಗ್ಗುವ ರಕ್ತ ಇನ್ನೊಬ್ಬರಿಗೆ ವಿಷ.

ಊಟ. ಅಂಟಿನುಂಡಿ, ಅಳವಿ ಪಾಯಸ, ಬೆಳ್ಳುಳ್ಳಿ ಒಗ್ಗರಣೆಯ ಸಬ್ಬಸಿಗೆ ಪಲ್ಯ, ಯಾವುದಕ್ಕೂ ನಾನು ಬೇಡ ಎನ್ನುವವಳಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್ನಿಗೆ 7 ದಿನದ ತನಕ ಬಾಣಂತಿಯ ಊಟ ಉಚಿತ. 2011ರಿಂದ ಇದು ನಿಮ್ಮ ಹಕ್ಕು. ಬಾರದಿದ್ದರೆ ಕೇಳಿ. ಆದರೆ ಆಪರೇಷನ್ನಿಗೆ ಮುಂಚೆ “ಏನೂ ಕೊಡಬೇಡಿ” ಎಂದಾಗ ಕದ್ದು ಚಹಾ ಕುಡಿಸುವ ಅಜ್ಜಿಯಂದಿರಿದ್ದಾರಲ್ಲ, ಅವರಿಗೆ ಕೈ ಮುಗಿಯುತ್ತೇನೆ. ಮಂಪರಿನಲ್ಲಿ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.

ಹಿರೇಕೆರೂರಿನ ತಾಯಿಗೆ ಈಗ ಉತ್ತರ. ತಿಂಗಳ ತಪಾಸಣೆಗೆ ಹೋದಾಗಲೇ ಕೈ ತೊಳೆಯುವ ನೆಪ ಮಾಡಿ. ಹೆರಿಗೆ ವಾರ್ಡಿನ ನಲ್ಲಿಯಲ್ಲಿ ನೀರಿದೆಯೇ, ಸಾಬೂನಿದೆಯೇ, ಪಾಯಿಖಾನೆ ಹೇಗಿದೆ ನೋಡಿ. ಕರೆಂಟು ಹೋದರೆ ಜನರೇಟರ್ ಏಳುತ್ತದೆಯೇ, ರಕ್ತ ಸಂಗ್ರಹ ಅಲ್ಲೇ ಇದೆಯೇ ಅಥವಾ ಹೊರಗಿನಿಂದ ತರಬೇಕೇ, ರಾತ್ರಿ ಆಪರೇಷನ್ ಮಾಡುತ್ತಾರೆಯೇ ಎಂದು ಸಿಸ್ಟರನ್ನು ಕೇಳಿ. ಇವೆಲ್ಲ ಸರಿಯಿದ್ದು, ಮಗಳ ರಕ್ತ, ಬಿ.ಪಿ. ಚೆನ್ನಾಗಿದ್ದು, ನೋಡಿದ ಡಾಕ್ಟರರೂ ಇಲ್ಲೇ ಆಗುತ್ತದೆ ಎಂದರೆ ಮನೆ ಹತ್ತಿರದ ತಾಲ್ಲೂಕು ಆಸ್ಪತ್ರೆಯೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ರಕ್ತ ಕಡಿಮೆ ಇದ್ದರೆ, ಬಿ.ಪಿ. ಏರಿದ್ದರೆ, ನೋವು ಬಂದ ಮೇಲೆ ಅರ್ಧರಾತ್ರಿ ದಾವಣಗೆರೆಯ ದಾರಿ ಹಿಡಿಯುವುದು ಬೇಡ. ಎಲ್ಲಿಗೆ ಹೋಗಬೇಕೆಂದು ಈಗಲೇ ಡಾಕ್ಟರರಿಂದ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಆ ಕಾರ್ಡು ಟ್ರಂಕಿನ ತಳದಲ್ಲಿರುವುದು ಬೇಡ. ಕೂಸಿನ ಬಟ್ಟೆಯ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇರಲಿ. 108ಕ್ಕೆ ಫೋನು ಮಾಡುವಾಗ ಊರಿನ ಹೆಸರಿನ ಜೊತೆ ಗುರುತಿಗೆ ಗುಡಿಯನ್ನೋ ಶಾಲೆಯನ್ನೋ ಹೇಳಲು ಮನೆಯ ಹುಡುಗರಿಗೂ ಕಲಿಸಿರಿ.