ಗಟ್ಟಿತನವೇ ಬಲವಲ್ಲ

ಕಳೆದ ತಿಂಗಳು ಕೊರಟಗೆರೆಯ ಕಡೆಯ ಗೃಹಿಣಿಯೊಬ್ಬರು ಮಧುಗಿರಿಯ ನಮ್ಮ ಮನೆಗೆ ಬಂದು, “ಮೇಷ್ಟ್ರೇ, ನಿಮ್ಮ ಮಾತನ್ನಾದರೂ ಹುಡುಗ ಕೇಳಿಯಾನು” ಎಂದು ಕಣ್ಣೀರಿಟ್ಟರು. ಹುಡುಗನು ಹಿಂದೆ ನಮ್ಮಲ್ಲಿ ಸಂಸ್ಕೃತ ಕಲಿತವನು. ಈಗ ಹಳೆಯ ಮಾರುತಿ ಎಸ್ಟೀಮ್ ಕಾರೊಂದನ್ನು ಕೊಂಡು ಆಟೋಕ್ರಾಸ್ ಪಂದ್ಯಕ್ಕೆ ಸಿದ್ಧನಾಗುತ್ತಿರುವನು. ತಂಗಿಯ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲು ನಾಲ್ಕು ಶಾಕ್ ಅಬ್ಸಾರ್ಬರುಗಳಿಗೆ ಹೋಗಿತ್ತು. ಅಭ್ಯಾಸದ ಮೊದಲ ದಿನವೇ ಕಾರು ತಿರುವಿನಲ್ಲಿ ದಾರಿ ತಪ್ಪಿ ಮಣ್ಣಿನ ಬದುವಿಗೆ ತಗುಲಿತ್ತು. ತಾಯಿಗೆ ಹಣದ ಚಿಂತೆಗಿಂತಲೂ ಮಗನ ಜೀವದ ಚಿಂತೆ ಹೆಚ್ಚಾಗಿದ್ದುದು ಸಹಜವೇ.

ಆಟೋಕ್ರಾಸೆಂಬುದು ಹೆದ್ದಾರಿಯಲ್ಲಿ ಓಡುವ ಹುಚ್ಚಾಟವಲ್ಲ. ಮುಚ್ಚಿದ ಬಯಲಿನಲ್ಲಿ ಗುರುತಿಟ್ಟ ಅಂಕುಡೊಂಕಿನ ಹಾದಿಯನ್ನು ಗಡಿಯಾರಕ್ಕೆ ಎದುರಾಗಿ ಕ್ರಮಿಸುವ ಪಂದ್ಯವದು. ನಮ್ಮ ದೇಶದಲ್ಲಿ ಇಂಥ ಕ್ರೀಡೆಗೆ ನಿಯಮಗಳನ್ನು ವಿಧಿಸುವುದು ಎಫ್.ಎಂ.ಎಸ್.ಸಿ.ಐ. ಎಂಬ ಒಕ್ಕೂಟ. ತಲೆಗೆ ಶಿರಸ್ತ್ರಾಣ, ಮೈಗೆ ಬಿಗಿಪಟ್ಟಿ, ಇವಿಲ್ಲದೆ ಯಾರೂ ಗಾಡಿ ಹತ್ತತಕ್ಕದ್ದಲ್ಲ.

ಮರುವಾರ ಪಾವಗಡದ ಕಡೆ ಕಡಲೆಕಾಯಿ ಕಿತ್ತು ಖಾಲಿಯಾಗಿದ್ದ ಹೊಲವೊಂದರಲ್ಲಿ, ಒಡೆಯನ ಅನುಮತಿ ಪಡೆದು ಅಭ್ಯಾಸ ನಡೆಯಿತು. ನಾವೂ ಹೋದೆವು. ಸಿರಾದಿಂದ ಅನುಭವಸ್ಥ ಮೇಸ್ತ್ರಿಯೊಬ್ಬರನ್ನೂ ಕರೆಸಿದ್ದೆವು.

“ಇಷ್ಟು ಗಟ್ಟಿಯಾದುದನ್ನೇಕೆ ಹಾಕಿಸಿದೆ?” ಎಂದು ಕೇಳಲು, “ಗಟ್ಟಿಯಾದಷ್ಟೂ ಬಲವಲ್ಲವೆ, ಸಾರ್?” ಎಂದನು. ಇಡೀ ತಪ್ಪು ಆ ಒಂದು ಮಾತಿನಲ್ಲಿಯೇ ಅಡಗಿತ್ತು.

ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಸಂಸ್ಕಾರವೆಂಬ ಗುಣವು ಮೂರು ಬಗೆ: ವೇಗ, ಭಾವನಾ, ಸ್ಥಿತಿಸ್ಥಾಪಕ. ಬಾಗಿದ ವಸ್ತುವನ್ನು ಮೊದಲಿನ ಸ್ಥಿತಿಗೆ ತರುವುದು ಸ್ಥಿತಿಸ್ಥಾಪಕ. ಕಾರಿನ ಸ್ಪ್ರಿಂಗಿನ ಧರ್ಮವೂ ಇದೇ. ಆದರೆ ಸ್ಪ್ರಿಂಗಿಗೆ ವಿವೇಕವಿಲ್ಲ. ಒಮ್ಮೆ ಅದುಮಿದರೆ ಉಯ್ಯಾಲೆಯಂತೆ ಏರಿಳಿಯುತ್ತಲೇ ಇರುವುದು. ಅದನ್ನು ಶಮನಗೊಳಿಸುವುದೇ ಶಾಕ್ ಅಬ್ಸಾರ್ಬರಿನ ಕೆಲಸ. ಕೊಳವೆಯೊಳಗಿನ ಎಣ್ಣೆಯು ಸಣ್ಣ ರಂಧ್ರಗಳಲ್ಲಿ ನುಗ್ಗಿ ಹೋಗುವಾಗ ಚಲನೆಯ ಶಕ್ತಿಯು ಶಾಖವಾಗಿ ಮಾರ್ಪಡುತ್ತದೆ. ನಮ್ಮ ಗೃಹಿಣಿಯರು ಚಕ್ಕುಲಿಯ ಒರಳನ್ನು ಬಲ್ಲರು: ಮೆಲ್ಲನೆ ಒತ್ತಿದರೆ ಹಿಟ್ಟು ಸಲೀಸಾಗಿ ಇಳಿಯುವುದು, ಆತುರದಿಂದ ಒತ್ತಿದರೆ ಎದುರೊತ್ತುವುದು. ಇದೂ ಹಾಗೆಯೇ.

ಅಲೆಅಲೆಯಾದ ಗರಸುನೆಲದ ಉಬ್ಬುಗಳು ಮಾರುದೂರಕ್ಕಿಂತ ಹತ್ತಿರ, ಒಂದೊಂದು ಮೀಟರಿಗೆ ಒಂದರಂತೆ ಇವೆಯೆಂದಿಟ್ಟುಕೊಳ್ಳೋಣ. ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಚಕ್ರವು ಕ್ಷಣಕ್ಕೆ, ಎಂದರೆ ಒಂದು ಸೆಕೆಂಡಿಗೆ, 15 ಉಬ್ಬುಗಳನ್ನು ದಾಟಬೇಕು. ಅದುಮಿಕೊಳ್ಳಲೊಲ್ಲದ ಶಾಕ್ ಅಬ್ಸಾರ್ಬರು ಚಕ್ರವನ್ನು ನೆಲದಿಂದ ಎಗರಿಸುವುದು. ಮರಳಿ ನೀಳಲು ತಡಮಾಡಿದರೆ, ಒಂದು ಉಬ್ಬಿನಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬಂದು ಗಾಡಿ ಕುಗ್ಗುತ್ತಲೇ ಹೋಗುವುದು. ನೆಲ ಮುಟ್ಟದ ಚಕ್ರಕ್ಕೆ ಹಿಡಿತವೆಲ್ಲಿಯದು? ಚುಕ್ಕಾಣಿ ತಿರುಗಿಸಿದರೂ ಕಾರು ನೇರವಾಗಿ ಬದುವಿಗೇ ಹೋದುದು ಇದರಿಂದ.

ಮೇಸ್ತ್ರಿಯು ಮೊದಲು ಟೈರುಗಳ ಗಾಳಿಯನ್ನೂ ಸವೆದ ರಬ್ಬರು ಬುಷ್ಷುಗಳನ್ನೂ ನೋಡಿದರು. ಇವು ಕೆಟ್ಟಿದ್ದರೆ ಮುಂದಿನ ಪರೀಕ್ಷೆಯೆಲ್ಲ ವ್ಯರ್ಥ. ಬಳಿಕ ಶಾಕ್ ಅಬ್ಸಾರ್ಬರಿನ ದಂಡಕ್ಕೆ ರಬ್ಬರಿನ ಉಂಗುರವೊಂದನ್ನು ತೊಡಿಸಿದರು. ಓಟದ ನಂತರ ಉಂಗುರವು ಎಲ್ಲಿ ನಿಂತಿದೆಯೋ ಅಷ್ಟರವರೆಗೆ ದಂಡವು ಇಳಿದಿದೆಯೆಂದರ್ಥ. ಕೊನೆಯನ್ನು ಮುಟ್ಟಿದ್ದರೆ ಮೃದುತ್ವ ಅತಿಯಾಯಿತು. ಕದಲದಿದ್ದರೆ ಕಾಠಿನ್ಯ ಅತಿಯಾಯಿತು. ಅದುಮುವಿಕೆಯ ತಿರುಪನ್ನು ಎರಡು ಹಲ್ಲು ಸಡಿಲಿಸಿ ಒಂದು ಓಟ. ಅದು ನೆಟ್ಟಗಾದ ಮೇಲೆಯೇ ನೀಳುವಿಕೆಯ ತಿರುಪು. ಒಮ್ಮೆಗೆ ಒಂದೇ ಬದಲಾವಣೆ. ಎರಡನ್ನೂ ಒಟ್ಟಿಗೆ ತಿರುಗಿಸಿದವನಿಗೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಡಾಂಬರು ನೆಲಕ್ಕೆ ಇನ್ನಷ್ಟು ಬಿಗಿ ಬೇಕಾದೀತು. ಪಾವಗಡದ ಬಿಸಿಲಿನಲ್ಲಿ ಮೇಲಿಂದ ಮೇಲೆ ಓಡಿದರೆ ಎಣ್ಣೆ ಕಾದು ತೆಳುವಾಗುವುದರಿಂದ, ಬೆಳಗಿನ ಅಳತೆ ಮಧ್ಯಾಹ್ನಕ್ಕೆ ಸರಿಹೋಗದೆಯೂ ಇರಬಹುದು.

ಆದುದರಿಂದ ನಾವು ಹುಡುಗನ ಕೈಗೆ ಒಂದು ನೋಟುಬುಕ್ಕನ್ನು ಕೊಟ್ಟೆವು: ನೆಲ, ಗಾಳಿ, ತಿರುಪಿನ ಹಲ್ಲು, ಉಂಗುರದ ಗುರುತು, ಓಟದ ಕಾಲ. ಅನುಭವದಿಂದ ಹುಟ್ಟಿ ಸ್ಮೃತಿಗೆ ಕಾರಣವಾಗುವುದೇ ಭಾವನಾ ಎಂಬ ಸಂಸ್ಕಾರ. ವೇಗವು ಕಾರಿನಲ್ಲಿಯೂ ಸ್ಥಿತಿಸ್ಥಾಪಕವು ಸ್ಪ್ರಿಂಗಿನಲ್ಲಿಯೂ ಇರಬಹುದು; ಈ ಮೂರನೆಯದು ಸಾರಥಿಯಲ್ಲಿಯೇ ಇರತಕ್ಕದ್ದು. ಅಂಗಡಿಯಲ್ಲಿ ದೊರೆಯುವಂಥದಲ್ಲ.

ಆರನೆಯ ಓಟದಲ್ಲಿ ಅದೇ ತಿರುವನ್ನು ಕಾರು ನೆಲ ಬಿಡದೆ ದಾಟಿತು. ಸಂಜೆ ಮನೆಗೆ ಬಂದವನು, ತಂಗಿಯ ಮದುವೆಯಾಗುವವರೆಗೆ ಗಾಡಿಗೆ ಹೊಸದೇನನ್ನೂ ಕೊಳ್ಳುವುದಿಲ್ಲವೆಂದೂ, ಇರುವುದನ್ನೇ ಹದಗೊಳಿಸುವೆನೆಂದೂ ತಾಯಿಗೆ ಮಾತು ಕೊಟ್ಟನು. ಆ ತಾಯಿಯೂ, “ಪಂದ್ಯದ ದಿನ ನಾನೂ ಬರುತ್ತೇನೆ” ಎಂದರು. ಮಗನಷ್ಟೇ ಅಲ್ಲ, ಅವರೂ ಎರಡು ಹಲ್ಲು ಸಡಿಲಿಸಿದ್ದರು.